ಮೂಗಿನ ತೊಟ್ಟಿ

ತೊಟ್ಟಿ ಮೂಸಿ ನೋಡಿತು.

ಫಕ್ಕೀರವ್ವ ಹಲಗೆ ಹತ್ತಿ ನಿಂತಿದ್ದಳು, ಬುಟ್ಟಿ ಇನ್ನೂ ತಲೆಯ ಮೇಲೆಯೇ ಇತ್ತು. ತೊಟ್ಟಿಯ ಅಂಚಿನಲ್ಲಿ ಅಂಗೈಯಗಲದ ಒಂದು ಜಾಲರಿ. ಅದರ ಹಿಂದಿನ ಪುಟ್ಟ ಫ್ಯಾನು ಗುಂಯ್ ಎಂದು, ಬುಟ್ಟಿಯ ಸುತ್ತಲಿನ ಗಾಳಿಯನ್ನು ಒಂದು ಗುಟುಕಿನಷ್ಟು ಒಳಗೆಳೆದುಕೊಂಡಿತು. ಮುಚ್ಚಳ ತೆರೆಯಿತು. ಇಟ್ಟಿಗೆ ಚೂರು, ಒಣ ಗಾರೆ ದಡದಡನೆ ಒಳಗೆ ಬಿದ್ದವು. ಎರಡನೆಯ ಬುಟ್ಟಿಗೂ ತೆರೆಯಿತು. ಮೂರನೆಯ ಬುಟ್ಟಿಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಕೆಳಗೆ ಬಳಿದು ತುಂಬಿದ್ದ ಬಿಳಿ ಪುಡಿಯಿತ್ತು. ಮುಚ್ಚಳ ಅಲುಗಲಿಲ್ಲ.

"ಇದು ನನ್ನದಲ್ಲ. ನೀಲಿ ತೊಟ್ಟಿಗೆ ಒಯ್ಯಿರಿ" ಎಂದು ಹೆಂಗಸಿನ ದನಿಯೊಂದು ಮೆಲ್ಲಗೆ ಹೇಳಿತು.

ಫಕ್ಕೀರವ್ವ ಬೆಚ್ಚಿಬಿದ್ದು, ಆಮೇಲೆ ನಕ್ಕಳು. "ಯವ್ವಾ, ಇದು ನಮ್ಮತ್ತೀನೂ ಮೀರಿಸ್ತಲ್ಲ! ಆಕಿ ರೊಟ್ಟಿ ಮುರುದು ನೋಡಿ ಬ್ಯಾಡ ಅಂತಿದ್ಲು. ಇದು ಬುಟ್ಟಿ ಇಳಸೂಕಿಂತ ಮೊದಲ ಬ್ಯಾಡ ಅಂತೈತಿ."

ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ನಕ್ಕರು. ಕ್ಯಾಮರಾ ಹಿಡಿದು ಬಂದಿದ್ದವರೂ ನಕ್ಕರು. ಆ ದನಿ ಡಾ. ನೀಲಗಂಗಾ ಯಲಿಗಾರ ಅವರದೇ. ಧಾರವಾಡದ ಪ್ರಯೋಗಾಲಯದ ಒಂದು ಮುಚ್ಚಿದ ಕೋಣೆಯಲ್ಲಿ ಕುಳಿತು, ಗದರಿದಂತೆ ಕೇಳಬಾರದು ಎಂದು ಹನ್ನೊಂದು ಸಲ ಹೇಳಿ ಮುದ್ರಿಸಿದ್ದ ಮಾತು ಅದು. ಫಕ್ಕೀರವ್ವ ಬುಟ್ಟಿ ಹೊತ್ತುಕೊಂಡೇ ಹಲಗೆಯಿಂದ ಇಳಿದು ನಡೆದಳು. ಎಲ್ಲಿಗೆ ನಡೆದಳು, ಎಷ್ಟು ದೂರ ನಡೆದಳು ಎಂಬುದನ್ನು ನೀಲಗಂಗಾ ನೋಡಲಿಲ್ಲ. ಪತ್ರಿಕೆಯವರು ಅಷ್ಟರಲ್ಲಿ ಪ್ರಶ್ನೆ ಕೇಳಲು ಶುರುಮಾಡಿದ್ದರು.

ಅದು ಎರಡು ಸಾವಿರದ ಐವತ್ತೊಂದನೆಯ ಇಸವಿ. ಹುಬ್ಬಳ್ಳಿಯ ಹೊರಗೆ, ಅಡುಗೆಮನೆಯ ಕಟ್ಟೆಗಳಿಗೆ ಹಾಸುವ ಕೃತಕ ಕಲ್ಲು ತಯಾರಿಸುವ ಕಾರ್ಖಾನೆಯೊಂದು ತನ್ನ ಪಕ್ಕದಲ್ಲೇ ಇನ್ನೊಂದು ಶೆಡ್ಡು ಕಟ್ಟಿಸುತ್ತಿತ್ತು. ಕಟ್ಟಡದ ಕಸ, ಕಾರ್ಖಾನೆಯ ಕಸ ಎರಡೂ ಒಂದೇ ಅಂಗಳದಲ್ಲಿ ಬೀಳುತ್ತಿದ್ದವು. ಇಂಥ ಕಡೆ ಯಾವ ಕಸಕ್ಕೆ ಯಾವ ತೊಟ್ಟಿ ಎಂದು ಆರಿಸುವ ಕೆಲಸವನ್ನು ಅಲ್ಲಿಯವರೆಗೆ ಯಾರೂ ತಲೆಕೆಡಿಸಿಕೊಂಡು ಮಾಡಿರಲಿಲ್ಲ. ಲಾರಿಗೆ ಯಾವುದು ಹೊಂದುತ್ತದೋ ಅದನ್ನು ತಂದಿಡುತ್ತಿದ್ದರು. ಎಲ್ಲವನ್ನೂ ಅದರಲ್ಲೇ ಸುರಿಯುತ್ತಿದ್ದರು. ಮರದ ಚೂರು, ಬಣ್ಣದ ಡಬ್ಬಿ, ಗಾಜು, ಕಲ್ಲುಪುಡಿ ಎಲ್ಲ ಕಲಸಿ ಒಂದಾದ ಮೇಲೆ ಅದನ್ನು ಬೇರ್ಪಡಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಹಳ್ಳದ ಪಕ್ಕದಲ್ಲಿ ಒಯ್ದು ಚೆಲ್ಲುತ್ತಿದ್ದರು.

ನೀಲಗಂಗಾ ಮಾಡಿದ್ದು ತೊಟ್ಟಿಗೆ ಮೂಗು ಕೊಟ್ಟಿದ್ದು. ಒಳಗೆ ಬಂದ ಗಾಳಿಯ ಮೂಲಕ ನೂಲಿನಷ್ಟು ತೆಳುವಾದ ಬೆಳಕನ್ನು ಹಾಯಿಸಿದರೆ, ಪ್ರತಿಯೊಂದು ಧೂಳಿನ ಕಣವೂ ಆ ಬೆಳಕನ್ನು ತನ್ನದೇ ರೀತಿಯಲ್ಲಿ ಚದುರಿಸುತ್ತದೆ. ಇಟ್ಟಿಗೆಯ ಕಣ ಒಂದು ರೀತಿ, ಸಿಮೆಂಟಿನದು ಇನ್ನೊಂದು ರೀತಿ. ಆ ಚದುರಿಕೆಯನ್ನು ಓದಿ ತೊಟ್ಟಿ ವಸ್ತುವನ್ನು ಗುರುತಿಸುತ್ತಿತ್ತು. ಅದು ಎಲ್ಲಕ್ಕಿಂತ ಹೆಚ್ಚು ಹುಷಾರಾಗಿ ಹುಡುಕುತ್ತಿದ್ದುದು ಸಿಲಿಕಾವನ್ನು. ಮರಳಿನಲ್ಲಿರುವುದೂ ಇದೇ ವಸ್ತು. ಆದರೆ ಕಲ್ಲು ಕೊಯ್ಯುವಾಗ ಏಳುವ ಸಿಲಿಕಾ ಕಣ್ಣಿಗೆ ಕಾಣದಷ್ಟು ನುಣ್ಣಗಿರುತ್ತದೆ. ಶ್ವಾಸಕೋಶದ ತೀರಾ ಒಳಗಿನ ಗಾಳಿಗೂಡುಗಳವರೆಗೆ ಹೋಗಿ ಕೂತರೆ ಕೆಮ್ಮಿದರೂ ಹೊರಗೆ ಬರುವುದಿಲ್ಲ. ಸುತ್ತಲೂ ಗಾಯ ಕಟ್ಟುತ್ತದೆ. ಗಾಯ ಗಟ್ಟಿಯಾಗುತ್ತದೆ. ಕೃತಕ ಕಲ್ಲಿನಲ್ಲಿ ಸಿಲಿಕಾ ಬಹಳ ಹೆಚ್ಚು, ಆದ್ದರಿಂದ ಆ ಪುಡಿಯನ್ನು ನೀರು ಚಿಮ್ಮುವ, ಬಿಗಿ ಮುಚ್ಚಳದ ನೀಲಿ ತೊಟ್ಟಿಗೇ ಹಾಕಬೇಕು.

ಕಾರ್ಖಾನೆಯ ಮ್ಯಾನೇಜರ್ ಶಶಿಧರ ಬೆಳವಡಿ ನಕ್ಷೆ ಕಳಿಸಿ ಫೋನು ಮಾಡಿದ್ದರು. "ಮೇಡಮ್ಮಾರ, ಬಾಕಿ ತೊಟ್ಟಿ ಎಲ್ಲಾ ಕೆಲಸದ ಬಗಲಾಗ ಕುಂತಾವ್ರಿ. ನೀಲಿದೊಂದು ಎಲ್ಲಿಡೋಣ್ರಿ? ನೀರಿನ ಪೈಪು ಗೇಟಿನ ಹತ್ರ ಐತಿ. ಲಾರಿ ತಿರುಗಾಕೂ ಅಲ್ಲೇ ಜಾಗಾ."

ನಕ್ಷೆಯಲ್ಲಿ ಕಲ್ಲು ಕೊಯ್ಯುವ ಜಾಗಕ್ಕೂ ಗೇಟಿಗೂ ನಡುವೆ ಎರಡು ಬೆರಳಿನ ಅಂತರವಿತ್ತು.

"ಹಂಗಾದ್ರ ಗೇಟಿನ ಹತ್ರನ ಇರಲಿ" ಎಂದಿದ್ದಳು ನೀಲಗಂಗಾ. ಆಯ್ಕೆ ಮುಗಿದಿತ್ತು.

ಮೊದಲ ತೊಂದರೆ ಬಂದದ್ದು ಅಮಾವಾಸ್ಯೆಯ ದಿನ. ಅಂದು ಹುಬ್ಬಳ್ಳಿಯ ಕಡೆ ಗಾಡಿ, ಯಂತ್ರ, ತಕ್ಕಡಿ ಎಲ್ಲಕ್ಕೂ ಪೂಜೆ. ಹೆಂಗಸರು ತೊಟ್ಟಿಯನ್ನೂ ತೊಳೆದರು. ಪೂಜೆ ಮಾಡುವಾಗ ಮುಖಕ್ಕೆ ಮಾಡಬೇಕಲ್ಲ. ತೊಟ್ಟಿಯ ಮುಖ ಯಾವುದು? ಮೂಗಿದ್ದ ಕಡೆಯೇ ಮುಖ. ಫಕ್ಕೀರವ್ವ ಎಲ್ಲವ್ವನ ಒಕ್ಕಲು. ಸೊಂಟದ ಚೀಲದಲ್ಲಿ ಭಂಡಾರ, ಅಂದರೆ ದೇವಿಗೆ ಏರಿಸಿದ ಅರಿಸಿನಪುಡಿ, ಸದಾ ಇರುತ್ತಿತ್ತು. ಒಂದು ಚಿಟಿಕೆ ತೆಗೆದು ಭಕ್ತಿಯಿಂದ ಜಾಲರಿಯ ಮೇಲೆ ಬಳಿದಳು. ಮೂಗು ಕಟ್ಟಿತು. ಏನೂ ತಿಳಿಯದ ತೊಟ್ಟಿ, ಏನೇ ಬಂದರೂ ಅಪಾಯವೆಂದು ಬಗೆದು ಸಂಜೆಯವರೆಗೂ ಬಾಯಿ ಬಿಡಲಿಲ್ಲ. ಆ ತಿಂಗಳು ಮೂಗಿನ ತೊಟ್ಟಿ ಇಟ್ಟಿದ್ದ ಮೂವತ್ತು ಕಡೆಗಳಿಂದ ಇದೇ ದೂರು ಬಂತು.

ಪೂಜೆ ಬೇಡವೆಂದು ಹೇಳಲು ನೀಲಗಂಗಾಗೆ ಮನಸ್ಸು ಬರಲಿಲ್ಲ. ಹೇಳಿದರೂ ಯಾರು ಕೇಳುತ್ತಿದ್ದರು? ಅವಳು ಬೇರೊಂದು ದಾರಿ ಹುಡುಕಿದಳು. ಅರಿಸಿನದ ಮೇಲೆ ನೇರಳೆ ಬೆಳಕು ಬಿಟ್ಟರೆ ಅದು ಹಳದಿಯಾಗಿ ಹೊಳೆಯುತ್ತದೆ. ಜಾಲರಿಯಲ್ಲಿ ಆ ಹೊಳಪು ಕಂಡರೆ ಅದು ಪೂಜೆ ಎಂದು ತಿಳಿದು, ಆ ಹೊತ್ತಿನ ಧೂಳನ್ನು ಲೆಕ್ಕಕ್ಕೆ ಹಿಡಿಯದೆ, ಸಂಜೆಯವರೆಗೆ ಬಾಯಿ ತೆರೆದಿರು ಎಂದು ತೊಟ್ಟಿಗಳಿಗೆಲ್ಲ ಕಲಿಸಿದಳು. ತಿಂಗಳಿಗೆ ಒಂದೇ ದಿನ ತಾನೆ? ಜನರ ನಡವಳಿಕೆಯನ್ನು ಗೌರವಿಸಿದ ಯಂತ್ರ ಎಂದು ಪತ್ರಿಕೆಗಳು ಬರೆದವು. ಅವಳ ತಾಯಿ ಆ ಪುಟವನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದರು.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಪ್ರಯೋಗಾಲಯದ ಕಿರಿಯ ಸಹಾಯಕಿ ಜೀನತ್ ಪರದೆಯ ಮುಂದೆ ಕುಳಿತವಳು ನಗತೊಡಗಿದಳು.

"ಮೇಡಂ, ಇಲ್ಲಿ ನೋಡ್ರಿ. ಆ ಕಲ್ಲಿನ ಕಾರ್ಖಾನ್ಯಾಗ ದಿನಾ ಅಮಾಸಿ ಏನ್ರಿ?"

ನೀಲಗಂಗಾ ಎದ್ದು ಹೋಗಿ ನೋಡಿದಳು. ಬೆಳಿಗ್ಗೆ ಎಂಟೂವರೆಗೆ ಪೂಜೆ. ಮರುದಿನ ಎಂಟೂವರೆಗೆ ಪೂಜೆ. ಅದರ ಮರುದಿನವೂ. ತಪ್ಪದೆ ಐವತ್ತಾರು ದಿನ. ಅಂದರೆ ಐವತ್ತಾರು ದಿನಗಳಿಂದ ಆ ತೊಟ್ಟಿ ಏನನ್ನೂ ಮೂಸಿರಲಿಲ್ಲ, ಯಾವ ಬುಟ್ಟಿಗೂ ಬೇಡವೆಂದಿರಲಿಲ್ಲ. ಅದೇ ಐವತ್ತಾರು ದಿನಗಳಲ್ಲಿ ಅಲ್ಲಿಂದ ಒಂದು ದೂರೂ ಬಂದಿರಲಿಲ್ಲ.

ಆ ವಾರ ರಾಜ್ಯದ ಎಲ್ಲ ಕಟ್ಟಡದ ಜಾಗಗಳಿಗೂ ಮೂಗಿನ ತೊಟ್ಟಿಯನ್ನೇ ಕಡ್ಡಾಯ ಮಾಡುವ ಮಾತು ನಡೆಯುತ್ತಿತ್ತು. ಅದಕ್ಕಾಗಿ ನೀಲಗಂಗಾ ಶುಕ್ರವಾರ ಬೆಂಗಳೂರಿಗೆ ಹೋಗಬೇಕಿತ್ತು. ದೂರುಗಳಿಲ್ಲದ ಆ ಕಾರ್ಖಾನೆಯನ್ನೇ ಮಾದರಿಯಾಗಿ ತೋರಿಸುವುದೆಂದು ತೀರ್ಮಾನವಾಗಿತ್ತು.

"ಭಕ್ತಿ ಜಾಸ್ತಿ ಇರಬೇಕು ಬಿಡು" ಎಂದಳು ನೀಲಗಂಗಾ, ತಾನೂ ನಕ್ಕು.

ಜೀನತ್ ಮುಂದಿನ ಪುಟಕ್ಕೆ ಹೋದಳು.

ಅದಾಗಿ ಆರು ವರ್ಷಗಳ ಮೇಲೆ, ಕಡ್ಡಾಯದ ನಿಯಮ ಬಂದು ರಾಜ್ಯದಲ್ಲೆಲ್ಲ ಮೂಗಿನ ತೊಟ್ಟಿಗಳು ತುಂಬಿದ್ದ ಕಾಲದಲ್ಲಿ, ಇಬ್ಬರು ಹೆಂಗಸರು ಧಾರವಾಡದ ಪ್ರಯೋಗಾಲಯದ ಮೆಟ್ಟಿಲು ಹತ್ತಿ ಬಂದರು. ಮೆಟ್ಟಿಲುಗಳು ಹದಿನಾಲ್ಕೇ ಇದ್ದವು. ಹಿರಿಯಳು ನಡುವೆ ಮೂರು ಸಲ ಕುಳಿತಳು. ಕಿಟಕಿಯಿಂದ ನೋಡಿದ ನೀಲಗಂಗಾಗೆ ಗುರುತು ಹತ್ತಲಿಲ್ಲ. ಬನ್ನಿ ಎಂದಾಗ ಒಳಗೆ ಬಂದು ಕುಳಿತು, ಉಸಿರು ಸುಧಾರಿಸಿಕೊಂಡು ಆಕೆ ನಕ್ಕಾಗ ಹತ್ತಿತು.

"ನಿಮ್ಮ ದನೀ ಈಗ ಕೇಳಿದ್ನೆವ್ವಾ... ತೊಟ್ಟೀ ಒಳಗ ನೀವ ಇದ್ರೇನು ಅನಸ್ತು" ಎಂದಳು ಫಕ್ಕೀರವ್ವ. ಹೇಳಿ ಮುಗಿಸಲು ಎರಡು ಸಲ ನಿಲ್ಲಬೇಕಾಯಿತು. ನಲವತ್ತಾರರ ಹೆಂಗಸು, ಕೊರಳಿನ ಮೂಳೆಗಳ ನಡುವೆ ಗುಳಿ ಬಿದ್ದಿತ್ತು. ಉಸಿರೆಳೆದಾಗಲೆಲ್ಲ ಆ ಗುಳಿ ಇನ್ನಷ್ಟು ಆಳವಾಗುತ್ತಿತ್ತು.

ಜೊತೆಗಿದ್ದವಳು ಮಗಳು ಕಸ್ತೂರಿ. ಅವಳೇ ವಿಷಯ ಹೇಳಿದಳು. ತಾಯಿಗೆ ಕಲ್ಲುಪುಡಿಯ ರೋಗ ಎಂದು ಡಾಕ್ಟರು ಹೇಳಿದ್ದಾರೆ. ಜೊತೆಗೆ ಕೆಲಸ ಮಾಡಿದ ಇಪ್ಪತ್ತಮೂರು ಮಂದಿ ಹೆಂಗಸರಿಗೂ ಕೆಮ್ಮು ಹಿಡಿದಿದೆ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಶ್ವಾಸಕೋಶವನ್ನು ಉಪ್ಪುನೀರಿನಿಂದ ತೊಳೆಯುವ ಚಿಕಿತ್ಸೆ ಇದೆ. ಬೇಗ ತೊಳೆದರೆ ಉಳಿಯುತ್ತಾರೆ. ಆದರೆ ಕೆಲಸದಿಂದಲೇ ಬಂದ ರೋಗ ಎಂದು ರುಜುವಾತಾಗದೆ ಅಲ್ಲಿ ಸೇರಿಸಿಕೊಳ್ಳುವುದಿಲ್ಲ.

"ಕಾರ್ಮಿಕ ಕಚೇರಿಯಾಗ ಏನಂದ್ರು ಗೊತ್ತೇನ್ರಿ?" ಕಸ್ತೂರಿಯ ದನಿ ಗಡುಸಾಗಿತ್ತು. "ತೊಟ್ಟೀ ದಾಖಲೀ ತಗದು ನೋಡಿದ್ರು. ಮೊದಲಿನ ಕೆಲವು ತಿಂಗಳ ಬಿಟ್ರ ಆರು ವರ್ಷದಾಗ ಅಲ್ಲಿ ಕೆಟ್ಟ ಧೂಳ ಇಲ್ಲ ಅಂತ ತೊಟ್ಟಿ ಹೇಳೇತಂತ. ತೊಟ್ಟಿ ಸುಳ್ಳ ಹೇಳಾಂಗಿಲ್ಲ, ನಿಮ್ಮವ್ವ ಒಲೀ ಹೊಗೀ ಕುಡದಾಳ ಅಂದ್ರು. ನಮ್ಮ ಮನ್ಯಾಗ ಹೊಗೀ ಒಲಿ ನಾ ಹುಟ್ಟಿದಾಗಿಂದ ಕಂಡಿಲ್ರಿ!"

"ಸುಮ್ನಿರ" ಎಂದು ಫಕ್ಕೀರವ್ವ ಮಗಳ ಮೊಣಕೈ ಹಿಡಿದಳು. ಬಳಿಕ ನೀಲಗಂಗಾಳ ಕಡೆ ನೋಡದೆ, ಮೇಜಿನ ಅಂಚನ್ನು ನೋಡುತ್ತ, ಮೆಲ್ಲಗೆ ಹೇಳಿದಳು. "ಕಾಗದದ ಸಲುವಾಗಿ ಈಕಿ ಬಂದಾಳ. ನಾ ಬಂದದ್ದು ತಪ್ಪು ಒಪ್ಪಿಕೊಳ್ಳಾಕ. ನಾವು ತೊಟ್ಟೀಗೆ ಮೋಸ ಮಾಡಿದ್ವಿ, ಅಕ್ಕಾರ."

ನೀಲಗಂಗಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

"ಬ್ಯಾಡ ಅಂದ ಬುಟ್ಟಿ ಹೊತಗೊಂಡು ಗೇಟಿನ ತನ ಹೋಗಬೇಕಿತ್ತು. ಇನ್ನೂರಾ ನಲವತ್ತು ಹೆಜ್ಜಿ. ಬರೂದು ಮತ್ತಿಷ್ಟು. ದಿನಕ್ಕ ನಲವತ್ತು ಬುಟ್ಟಿ. ಬ್ಯಾಸಗ್ಯಾಗ ಕಾಲು ಸುಡತಿದ್ವು. ಒಂದಿನ ಅಮಾಸಿ ಮರುದಿನ ತೊಳೀಲಿಕ್ಕ ಮರತ್ವಿ. ಅವತ್ತೂ ತೊಟ್ಟಿ ಸುಮ್ಮನಿತ್ತು. ಎಲ್ಲಾ ತಗೊಂತು. ಆಮ್ಯಾಲ ನಾನ ದಿನಾ ಮುಂಜಾನೆ ಹಚ್ಚತಿದ್ದೆ." ಅವಳು ಸೊಂಟದ ಚೀಲವನ್ನು ಮುಟ್ಟಿಕೊಂಡಳು. "ತಾಯೀ ಭಂಡಾರ ಹಚ್ಚಿ ಸುಳ್ಳ ಆಡಿದ್ನಿ. ಅದಕ್ಕ ನನಗ ಹಿಂಗಾತು. ಅದು ನನಗಿರಲಿ. ಉಳದವ್ರು ಏನ್ ಮಾಡ್ಯಾರ? ನಾ ಹೇಳಿದ್ದಕ್ಕ ಅವ್ರು ಸುಮ್ಮನಿದ್ರು. ನೀವು ಸಿಟ್ಟಾಗಬ್ಯಾಡ್ರಿ. ನಿಮಗ ಹೆಂಗ ಗೊತ್ತಾಗಬೇಕು, ಇಲ್ಲಿ ಕುಂತು?"

ಈ ಕೊನೆಯ ಮಾತನ್ನು ನೀಲಗಂಗಾ ಹಾಗೆಯೇ ಬಿಡಬಹುದಿತ್ತು. ಅದು ಅವಳಿಗೆ ಆ ಕ್ಷಣದಲ್ಲೇ ಹೊಳೆಯಿತು. ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಒಬ್ಬಳು ಮುಂದೆ ಕುಳಿತಿದ್ದಳು. ಅದನ್ನು ಸ್ವೀಕರಿಸಿ, ಮರುಕ ತೋರಿಸಿ, ಒಂದು ಕಾಗದ ಬರೆದುಕೊಟ್ಟರೆ ಮುಗಿಯುತ್ತಿತ್ತು. ಕಾಗದದಲ್ಲಿ, ಕೆಲಸಗಾರರು ಯಂತ್ರವನ್ನು ತಪ್ಪಾಗಿ ಬಳಸಿದರು ಎಂದು ಬರೆದರೆ ಸಾಕಿತ್ತು. ಅದು ಸುಳ್ಳೂ ಅಲ್ಲ.

"ನನಗ ಗೊತ್ತಿತ್ತು, ಫಕ್ಕೀರವ್ವ" ಎಂದಳು.

ಕಸ್ತೂರಿ ತಲೆಯೆತ್ತಿದಳು.

"ದಿನಾ ಪೂಜಿ ಅಂತ ಇಲ್ಲಿ ಪರದೆ ಮ್ಯಾಲೆ ಬರತಿತ್ತು. ನಾಲ್ಕು ತಿಂಗಳಿಗೇ ನೋಡಿದ್ದೆ. ಪೂಜಿ ಅಲ್ಲ ಅಂತ ತಿಳೀಲಿಕ್ಕೆ ಭಾಳ ಹೊತ್ತು ಬೇಕಿರಲಿಲ್ಲ. ತೊಟ್ಟಿಗೆ ಅದನ್ನ ಕಲಿಸಿದ್ದೂ ನಾನ. ನೀಲಿ ತೊಟ್ಟಿ ಗೇಟಿನ ಹತ್ರ ಇಡಿಸಿದ್ದೂ ನಾನ."

ಫಕ್ಕೀರವ್ವನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು ಎಂದು ನೀಲಗಂಗಾಗೆ ಅನಿಸಿತು. ಆಕೆಯ ಮುಖದಲ್ಲಿ ಕಂಡದ್ದು ಬರೀ ಬೆರಗು.

"ಗೊತ್ತಿತ್ತ?" ಎಂದಳು. "ನಾವು ಯಾರರೆ ನೋಡ್ಯಾರು ಅಂತ ಅಂಜಿಕೋತ, ಕದ್ದು ಹಚ್ಚತಿದ್ವಿ. ನೀವು ನೋಡಿದ್ರಿ. ನೋಡಿದ ಮ್ಯಾಲೆ ಒಂದು ಮಾತು ಬೈಯಬಾರದಿತ್ತೇನವ್ವ?"



ಮರುದಿನ ನೀಲಗಂಗಾ ಬರೆದ ಹೇಳಿಕೆ ಒಂದೂವರೆ ಪುಟದ್ದು, ಅದರ ತಿರುಳು ಮೂರು ವಾಕ್ಯ. ಪೂಜೆ ಎಂದು ದಾಖಲಾದ ಹೊತ್ತಿನಲ್ಲಿ ಯಾವ ತೊಟ್ಟಿಯೂ ಧೂಳನ್ನು ಅಳೆದಿಲ್ಲ. ಧೂಳು ಇರಲಿಲ್ಲ ಎಂದು ಅದರಿಂದ ತಿಳಿಯಲು ಬರುವುದಿಲ್ಲ. ಇದು ನನಗೆ ಆರು ವರ್ಷಗಳ ಹಿಂದೆಯೇ ತಿಳಿದಿತ್ತು. ಮೂರನೆಯ ವಾಕ್ಯವನ್ನು ತೆಗೆಯಿರಿ ಎಂದು ಸಂಸ್ಥೆಯ ಹಿರಿಯರು ಎರಡು ಸಲ ಹೇಳಿದರು. ಮೊದಲೆರಡು ಸಾಕಲ್ಲ, ಮೂರನೆಯದರಿಂದ ರೋಗಿಗಳಿಗೇನೂ ಆಗಬೇಕಾಗಿಲ್ಲವಲ್ಲ ಎಂದರು. ಅವರ ಮಾತೂ ಸರಿಯೇ ಇತ್ತು. ಅವಳು ತೆಗೆಯಲಿಲ್ಲ.

ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಹೆಂಗಸರನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಉಳಿದ ನಾಲ್ವರಿಗೆ ತೊಳೆದರೂ ಪ್ರಯೋಜನವಿಲ್ಲ ಎಂದರು. ಫಕ್ಕೀರವ್ವನಿಗೂ ಅದನ್ನೇ ಹೇಳಿದರು. ಹತ್ತೊಂಬತ್ತು ಮಂದಿ ಒಳಗೆ ಹೋದ ದಿನ ಆಕೆ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಕುಳಿತು, ಒಬ್ಬೊಬ್ಬರ ಹೆಸರನ್ನೂ ಕೂಗಿ ಒಳಗೆ ಕಳಿಸಿದಳಂತೆ. ಉಸಿರು ಸಾಲದ ಕಡೆ ಮಗಳು ಹೆಸರು ಪೂರ್ತಿ ಮಾಡಿದಳಂತೆ. ಇದನ್ನು ನೀಲಗಂಗಾಗೆ ಹೇಳಿದ್ದು ಜೀನತ್. ನೀಲಗಂಗಾಗೆ ಅಲ್ಲಿಗೆ ಹೋಗುವ ಧೈರ್ಯ ಬಂದಿರಲಿಲ್ಲ. ಎರಡು ತಿಂಗಳಿಗೆ ಫಕ್ಕೀರವ್ವ ತೀರಿಕೊಂಡಳು. ಅವತ್ತು ಹೋದಳು. ಕಸ್ತೂರಿ ಕೂರಲು ಚಾಪೆ ಕೊಟ್ಟಳು, ನೀರು ಕೊಟ್ಟು ಒಳಗೆ ಹೋದಳು.

ಒಂದು ಕಡೆಯ ದಾಖಲೆ ಸುಳ್ಳಾದರೆ ಎಲ್ಲ ಕಡೆಯದೂ ಸಂಶಯವೇ. ಮೂಗಿನ ತೊಟ್ಟಿಗಳನ್ನು ಒಂದೊಂದಾಗಿ ಹಿಂದಕ್ಕೆ ತರಿಸಿದರು. ಮೂಗು ಕಿತ್ತ ಜಾಗದಲ್ಲಿ ತಗಡು ಹಚ್ಚಿ, ಬರಿಯ ಕಬ್ಬಿಣದ ತೊಟ್ಟಿಗಳನ್ನಾಗಿ ಮತ್ತೆ ಕಳಿಸಿದರು. ಅವು ಈಗ ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದವು. ಶಶಿಧರ ಬೆಳವಡಿ ಒಮ್ಮೆ ಸಿಕ್ಕಾಗ ಮುಖ ತಪ್ಪಿಸಲಿಲ್ಲ. "ನಾನೂ ನೋಡಿದ್ದೆ ಮೇಡಮ್ಮಾರ. ಮೂಗಿನ ತುಂಬ ಅರಿಸಿನ. ನಿಮ್ಮ ತೊಟ್ಟಿಗೆ ತೊಂದ್ರಿ ಇದ್ದಿದ್ರ ಅದ ಒದರತಿತ್ತು ಅನಕೊಂಡೆ" ಎಂದರು. ಅವರಿಗೂ ಆಗಾಗ ಕೆಮ್ಮು ಬರುತ್ತಿತ್ತು.

ಇದರ ಮೇಲೆ ನಡೆದ ಸರಕಾರಿ ವಿಚಾರಣೆಯ ಕೊನೆಗೆ ಒಂದೇ ಒಂದು ಹೊಸ ನಿಯಮ ಉಳಿಯಿತು. ಅದನ್ನು ಕೇಳಿದ್ದು ಆಸ್ಪತ್ರೆಯಿಂದ ಮರಳಿದ ಹೆಂಗಸರು. ಕಟ್ಟಡದ ಜಾಗಕ್ಕಾಗಲಿ ಕಾರ್ಖಾನೆಗಾಗಲಿ ಕಸದ ತೊಟ್ಟಿಯನ್ನು ಆರಿಸುವವರು, ಅದನ್ನು ಇಡಿಸುವ ಮೊದಲು, ಕಸ ಹುಟ್ಟುವ ಜಾಗದಿಂದ ತೊಟ್ಟಿ ಇಡುವ ಜಾಗದವರೆಗೆ ತುಂಬಿದ ಬುಟ್ಟಿಯನ್ನು ಹತ್ತು ಸಲ ಸ್ವತಃ ಹೊತ್ತು ನಡೆಯಬೇಕು. ಇಷ್ಟೇ. ಅಧಿಕಾರಿಗಳು ಇದನ್ನು ತಮಾಷೆ ಎಂದುಕೊಂಡರು. ಮೊದಲ ಕೆಲವು ತಿಂಗಳು ಫೋಟೋಕ್ಕಾಗಿ ಖಾಲಿ ಬುಟ್ಟಿ ಹೊತ್ತವರೂ ಉಂಟು. ಆದರೂ ಆ ವರ್ಷದ ಕೊನೆಯ ಹೊತ್ತಿಗೆ ನೀರಿನ ಪೈಪುಗಳು ಗೇಟು ಬಿಟ್ಟು ಒಳಗೆ ಬರತೊಡಗಿದವು. ಲಾರಿಗಳು ಹಿಮ್ಮುಖವಾಗಿ ಒಳಗೆ ಬರಲು ಕಲಿತವು. ಇದಕ್ಕೆ ಬೆಳಕಿನ ನೂಲು ಬೇಕಾಗಲಿಲ್ಲ.

ನೀಲಗಂಗಾ ಈಗ ಪ್ರಯೋಗಾಲಯದಲ್ಲಿಲ್ಲ. ತೊಟ್ಟಿ ಆರಿಸುವವರ ತರಬೇತಿಯಲ್ಲಿ ಕೆಲಸ ಮಾಡುತ್ತಾಳೆ. ಗದಗದ ಹತ್ತಿರ ಒಂದು ಜಾಗದಲ್ಲಿ ಆಕೆ ಮೊದಲ ಸಲ ಬುಟ್ಟಿ ಹೊತ್ತಾಗ, ಅಲ್ಲಿಯ ಹೆಂಗಸೊಬ್ಬಳು ನಕ್ಕು, ಹಳೆಯ ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡಿ ಅವಳ ತಲೆಯ ಮೇಲಿಟ್ಟಳು. "ಕೊರಳ ಗಟ್ಟಿ ಹಿಡೀರಿ ಅಕ್ಕಾರ, ಕೆಳಗ ನೋಡಬ್ಯಾಡ್ರಿ." ಆರನೆಯ ಸುತ್ತಿಗೆ ನೀಲಗಂಗಾಳ ಕಾಲು ನಡುಗಿತು. ಏಳನೆಯದಕ್ಕೆ, ಬಿಳಿ ಪುಡಿ ತಲೆಯಿಂದ ಹಣೆಗೆ, ಹಣೆಯಿಂದ ಕಣ್ಣಿಗೆ ಇಳಿಯತೊಡಗಿತು. ಬುಟ್ಟಿಯನ್ನು ಹಿಡಿದ ಎರಡು ಕೈಗಳಲ್ಲಿ ಯಾವುದನ್ನೂ ಬಿಟ್ಟು ಮುಖ ಮುಚ್ಚಿಕೊಳ್ಳುವಂತಿರಲಿಲ್ಲ.

ಆಗ ಅವಳಿಗೆ ಮೂವತ್ತೆರಡು ವರ್ಷಗಳ ಹಿಂದಿನ ಒಂದು ರಸ್ತೆ ಎದುರು ಬಂದು ನಿಂತಿತು. ಎರಡು ಸಾವಿರದ ಇಪ್ಪತ್ತೈದು, ಇಪ್ಪತ್ತಾರರ ಸುಮಾರು. ಅವಳು ಕಾಲೇಜಿಗೆ ಹೋಗುತ್ತಿದ್ದ ದಾರಿ. ಅಲ್ಲೊಂದು ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಿದ್ದರು. ರಸ್ತೆಯ ಅಂಚಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ತೊಟ್ಟಿ. ಬಾಗಿಲಿಗೆ ಹತ್ತಿರವಿದ್ದರೆ ಕಾರು ನಿಲ್ಲಿಸಲು ಜಾಗ ಸಾಲದೆಂದು ಅದನ್ನು ತಿರುವಿನಾಚೆ ಇಟ್ಟಿದ್ದರು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡ ಒಬ್ಬ ಹೆಂಗಸು ಬುಟ್ಟಿ ಹೊತ್ತು ಅಲ್ಲಿಯವರೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ತೊಟ್ಟಿಗೆ ಸುರಿದಾಗಲೆಲ್ಲ ಬಿಳಿಯ ಮೋಡವೊಂದು ಏಳುತ್ತಿತ್ತು. ಅವಳು ಅದರೊಳಗೆ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುತ್ತಿದ್ದಳು. ಮೂರು ವರ್ಷ, ದಿನಕ್ಕೆರಡು ಸಲ, ನೀಲಗಂಗಾ ಅದನ್ನು ನೋಡಿದ್ದಳು. ತಿರುವು ಬರುವ ಮೊದಲೇ ಚೀಲದಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿ ಹಿಡಿದು, ರಸ್ತೆ ದಾಟಿ, ಆಚೆ ಬದಿಯಿಂದ ಬೇಗ ಬೇಗ ನಡೆದುಹೋಗುತ್ತಿದ್ದಳು.